ನಮ್ಮ ಅಂಗಳದ ಕಂದು ಕೋಳಿಯವರ ಸನ್ನಿಧಾನಕ್ಕೆ, ಮೊಟ್ಟೆಯ ವಿಷಯವಾಗಿ

ಮಾನ್ಯರೇ,

ಅಕ್ರಾ ನಗರದ ಕೊಳಕು ಹಿನ್ನೀರಿನ ದಡದಲ್ಲಿ ಹುದುಗಿಸಿದ ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಎಂಬ ಕಡುಬು ಬೇಯಿಸಿ ಮಾರುವ ಆಯೋರ್ಕೋರ್ ಎಂಬ ಮುದುಕಿಯ ತಲೆಬಾಗಿದ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಈಗಷ್ಟೇ ನನ್ನ ಹಿಟ್ಟಿನ ಪಾತ್ರೆಯ ಅಂಚಿನಲ್ಲಿ ನಿಂತು, ಒಂದು ಭಾಷಣ ಮಾಡಿ, ಗುರುತು ಬಿಟ್ಟು ಇಳಿದಿರಿ.

ಮೊದಲು ತಮ್ಮ ಸೇವೆಯನ್ನು ಹೊಗಳದಿದ್ದರೆ ನಾನು ಕೃತಘ್ನಳಾದೇನು. ಕಡಲಾಚೆಯ ದೊಡ್ಡ ದೇಶಗಳು ಸತ್ತ ಕಂಪ್ಯೂಟರು, ಟಿವಿಗಳಿಗೆ ‘ಇನ್ನೂ ಚೆನ್ನಾಗಿದೆ’ ಎಂಬ ಚೀಟಿ ಅಂಟಿಸಿ ನಮ್ಮ ಬಂದರಿಗೆ ಕಳಿಸುತ್ತವೆ. ಪಕ್ಕದ ಬಯಲಿನಲ್ಲಿ ಫುಸೇನಿ ಎಂಬ ಯುವಕ ಅವುಗಳ ತಂತಿಗಳನ್ನು ಗುಡ್ಡೆ ಹಾಕಿ, ಹಳೆಯ ಫ್ರಿಜ್ಜಿನ ಹೊಟ್ಟೆಯಿಂದ ಕಿತ್ತ ಹಳದಿ ಸ್ಪಂಜನ್ನೇ ಸೌದೆಯಾಗಿಸಿ ಸುಟ್ಟು, ತಾಮ್ರ ಆರಿಸಿಕೊಂಡು, ಕೆಮ್ಮುತ್ತಾ ಹೋಗುತ್ತಾನೆ. ಉಳಿದ ಬೂದಿಯನ್ನು ಯಾವ ಮಂತ್ರಿಯೂ ಮೂಸಿ ನೋಡಲಿಲ್ಲ. ತಾವೊಬ್ಬರೇ ಹಗಲಿಡೀ ಕೆದಕಿ, ಕುಕ್ಕಿ, ಜಗತ್ತಿನ ಕಸವನ್ನೆಲ್ಲ ಒಂದು ಪುಟ್ಟ ಹೊಟ್ಟೆಗಿಳಿಸಿಕೊಂಡು, ಅಚ್ಚುಕಟ್ಟಾಗಿ ಚಿಪ್ಪಿನೊಳಗೆ ಕಟ್ಟಿ ನನಗೆ ಒಪ್ಪಿಸಿದಿರಿ. ಇಂಥ ಮರುಬಳಕೆ ಕಾರ್ಖಾನೆ ಯಾವ ದೇಶದಲ್ಲಿದೆ ಹೇಳಿ.

ಆದರೆ ಆ ಮೊಟ್ಟೆಗಳು ನನ್ನ ಮಗಳ ಅವಳಿ ಹೆಣ್ಣುಮಕ್ಕಳ ಹೊಟ್ಟೆ ಸೇರಿದವು. ನಮ್ಮ ಗಾ ಜನರಲ್ಲಿ ಅವಳಿಗಳೆಂದರೆ ಸಾಮಾನ್ಯರಲ್ಲ. ಅವಳಿಗಳ ಹಬ್ಬದ ದಿನ ಹೆಗ್ಗೆಣಸು ಹಿಸುಕಿ, ತಾಳೆ ಎಣ್ಣೆ ಬೆರೆಸಿ, ಮೇಲೆ ಮೊಟ್ಟೆಯಿಟ್ಟು ಉಣಿಸದಿದ್ದರೆ ಮುನಿದುಕೊಳ್ಳುತ್ತಾರೆ. ಮುನಿಸಿಗೆ ಎಡೆಯೇ ಬೇಡವೆಂದು ನಾನು ದಿನವೂ ಮೊಟ್ಟೆ ಕೊಟ್ಟೆ. ಹಿರಿಯಳು ಅಕ್ವೇಲೆ ಮಹಾ ಹಠಮಾರಿ, ತಟ್ಟೆ ದೂಡಿ ಬೈಸಿಕೊಳ್ಳುತ್ತಿದ್ದಳು. ಕಿರಿಯಳು ಅಕ್ವೋಕೋರ್ ಚಿನ್ನದಂಥವಳು, ತನ್ನದನ್ನೂ ಅಕ್ಕನದನ್ನೂ ತಿಂದು ಬಾಯೊರೆಸಿಕೊಳ್ಳುತ್ತಿದ್ದಳು. “ತಂಗೀನ ನೋಡಿ ಕಲಿಯೇ, ಬಜಾರಿ!” ಎಂದು ನಾನು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ.

ಚಿನ್ನದಂಥವಳು ಸೊರಗುತ್ತಾ ಬಂದಳು. ಇಬ್ಬರ ರಕ್ತವನ್ನೂ ಪರೀಕ್ಷಿಸಿದ ಮಾವುಸಿ ಎಂಬ ನರ್ಸ್, “ಅಮ್ಮಾ, ಚಿಕ್ಕವಳ ಮೈಯಲ್ಲಿ ಸೀಸದ ವಿಷ ಸೇರ್ಕೊಂಡಿದೆ. ಆ ಬಯಲಲ್ಲಿ ಮೇಯೋ ಕೋಳಿ ಮೊಟ್ಟೆ ಇನ್ಮೇಲೆ ಒಂದೂ ಬೇಡ. ಹೀಗೇ ಆದ್ರೆ ಕಲಿತ ಪಾಠ ತಲೇಲಿ ನಿಲ್ಲಲ್ಲ” ಎಂದರು. ಹಠಮಾರಿಯ ರಕ್ತದಲ್ಲಿ ಅಷ್ಟಿಲ್ಲವಂತೆ. ಹೇಳಿದ ಮಾತು ಕೇಳಿದ್ದಕ್ಕೇ ಕಾಯಿಲೆ ಬಿದ್ದ ಮಗುವನ್ನು ಮಡಿಲಿಗೆ ಹಾಕಿಕೊಂಡು ಅತ್ತುಬಿಟ್ಟೆ, ಮಾನ್ಯರೇ.

ಸುದ್ದಿ ಕೇಳಿದ ಫುಸೇನಿ, “ಬಿಡಜ್ಜಿ, ಇನ್ನು ಸ್ವಲ್ಪ ದಿನ ಕಾದ್ರೆ ನಿನ್ ಕೋಳಿ ಫೋನೇ ಇಡುತ್ತೆ!” ಎಂದು ನಕ್ಕ, ಕೆಮ್ಮು ಬಂದು ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಮೆಲ್ಲಗೆ, “ನಾನ್ ಸುಡೋದ್ ಬಿಟ್ರೆ ಊರಲ್ಲಿ ನಮ್ಮವ್ವ ಏನ್ ತಿನ್ಬೇಕು, ನೀನೇ ಹೇಳು” ಎಂದ.

ಆದ್ದರಿಂದ ನನ್ನ ವಿನಮ್ರ ಬೇಡಿಕೆ: ತಾವು ಕೂಡಲೇ ಕಡಲು ದಾಟಿ, ಆ ಯಂತ್ರಗಳನ್ನು ಕಳಿಸಿದ ಯಜಮಾನರ ಊಟದ ಮೇಜಿನ ಮೇಲೆಯೇ ಮೊಟ್ಟೆಯಿಡಬೇಕು. ಹಾರಲಾರೆ ಎನ್ನಬೇಡಿ, ಸರಕು ಇಳಿಸಿದ ಹಡಗುಗಳು ಖಾಲಿಯಾಗಿಯೇ ಮರಳುತ್ತವೆ. ಅಲ್ಲಿಯವರೆಗೆ, ಮೊಟ್ಟೆಯೊಳಗೆ ಮೊಟ್ಟೆಯನ್ನು ಮಾತ್ರ ಇಡುವ ತಮ್ಮ ಪೂರ್ವಜರ ಪದ್ಧತಿಗೆ ಮರಳಬೇಕು. ತಮ್ಮನ್ನು ಸಾರು ಮಾಡೋಣವೆಂದರೆ ಮಾಂಸದ ಮೇಲೂ ನಂಬಿಕೆಯಿಲ್ಲ, ಮಾರೋಣವೆಂದರೆ ಕೊಳ್ಳುವವರ ಮನೆಯಲ್ಲೂ ಮಕ್ಕಳಿದ್ದಾರೆ. ಹೀಗಾಗಿ ಇಡೀ ಓಣಿಯಲ್ಲಿ ನಿಶ್ಚಿಂತೆಯಿಂದ ಮುದಿಯಾಗುವ ಭಾಗ್ಯ ತಮಗೊಬ್ಬರಿಗೇ ದಕ್ಕಿದೆ, ಅಭಿನಂದನೆಗಳು.

ತಮ್ಮ ವಿಶ್ವಾಸಿ,
ಕೆಂಕೆ ಮಾರುವ ಆಯೋರ್ಕೋರ್

ವಿ.ಸೂ.: ಇಂದು ಅವಳಿಗಳ ಹಬ್ಬ. ತಮಗೆ ತಿಳಿಯದಂತೆ ಪೇಟೆಯಿಂದ ಮೊಟ್ಟೆ ತರಿಸಿದ್ದೇನೆ, ಕ್ಷಮಿಸಿ. ನಾನು ಕೈ ಚಾಚುವ ಮೊದಲೇ ಅಕ್ವೋಕೋರ್ ಬಾಯಿ ತೆರೆದಳು. ಆಗ ಅಕ್ವೇಲೆ, “ಅಜ್ಜೀ, ಇದ್ನ ಇಟ್ಟ ಕೋಳಿ ಎಲ್ಲಿ ಮೇಯ್ತು?” ಎಂದು ಕೇಳಿದಳು. ಆ ಕೋಳಿ ತಮಗೇನಾದರೂ ಪರಿಚಯವಿದ್ದರೆ ದಯವಿಟ್ಟು ಬೇಗ ತಿಳಿಸಿ. ಮಗು ಇನ್ನೂ ಬಾಯಿ ತೆರೆದುಕೊಂಡೇ ಕೂತಿದೆ.