ಅತ್ತೆಯ ಹಾಡು, ರುಕ್ಮಾಯಿಯ ಹಾಲು

ಒಬ್ಬರು ಹಾಡಿದ ಹಾಡನ್ನು ಇನ್ನೊಬ್ಬರು ಹೇಗೆ ಹಾಡಬೇಕು ಎಂಬ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನ ಮನುಷ್ಯ ಚಿಕ್ಕೋಡಿಯಲ್ಲಿ ಇನ್ನೊಬ್ಬನಿರಲಿಲ್ಲ. ಈಗಿನ ಹುಡುಗರು ಹಳೆಯ ಹಾಡಿಗೆ ಗಿಟಾರು ಸೇರಿಸಿ 'ಕವರ್ ಸಾಂಗ್' ಎಂದು ಮೊಬೈಲಿಗೆ ಹಾಕಿದರೆ ಮೈಯೆಲ್ಲ ಉರಿಯುತ್ತಿತ್ತು. ಮೂಲ ಗಾಯಕ ಎಲ್ಲಿ ಉಸಿರು ತೆಗೆದುಕೊಂಡನೋ ಅಲ್ಲೇ ತೆಗೆದುಕೊಳ್ಳಬೇಕು ಎಂಬುದು ನನ್ನ ಸಿದ್ಧಾಂತ. ಕಚೇರಿಯ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹಾಗೆಯೇ ಹಾಡುತ್ತಿದ್ದೆ. ಜೋರು ಚಪ್ಪಾಳೆ ಬೀಳುತ್ತಿತ್ತು. ಊಟಕ್ಕೆ ಬಿಡುತ್ತಿದ್ದದ್ದು ನನ್ನ ಹಾಡು ಮುಗಿದ ಮೇಲೆಯೇ ಎಂಬುದು ಆಗ ಹೊಳೆದಿರಲಿಲ್ಲ.

ಹೋದ ವರ್ಷ ತೆಲಸಂಗದ ನಮ್ಮ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಹೆಂಡತಿ ಅವರನ್ನು ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತೆಲಸಂಗದ ಮನೆಯಲ್ಲಿ ಉಳಿದವರು ಮಾವ, ಅವರಿಗೆ ಜೊತೆಯಾಗಿ ಬಂದ ನಾನು ಮತ್ತು ಎಮ್ಮೆ ರುಕ್ಮಾಯಿ. ಕರು ಸತ್ತಾಗಿನಿಂದ ರುಕ್ಮಾಯಿಯದು ಒಂದೇ ಷರತ್ತು: ಹಿಂಡುವಾಗ ಅತ್ತೆ ಹಾಡಬೇಕು. ಅರ್ಧ ಮರಾಠಿ, ಅರ್ಧ ಕನ್ನಡದ ಒಂದು ಹಾಡು. ಅದಿಲ್ಲದಿದ್ದರೆ ಹಾಲು ಇಳಿಯುವುದಿಲ್ಲ.

"ನನಗ ಹಿಂಡಾಕ ಬರತೈತಿ, ಹಾಡಾಕ ಬರಂಗಿಲ್ಲ. ನೀವು ಸ್ಟೇಜ್ ಮ್ಯಾಲ ಹಾಡಾವ್ರು, ಹಾಡ್ರಿ" ಎಂದರು ಮಾವ.

ಹೆಂಡತಿ ಎಂದೋ ರೆಕಾರ್ಡ್ ಮಾಡಿದ್ದ ಆ ಹಾಡನ್ನು ಹತ್ತು ಸಲ ಕೇಳಿ ಕಲಿತೆ. ಧ್ವನಿ ಸಣ್ಣದು ಮಾಡಿಕೊಂಡು ಅಕ್ಷರ ತಪ್ಪದಂತೆ ಹಾಡಿದೆ. ಅತ್ತೆ ನಡುವೆ ಎರಡು ಸಲ ಕೆಮ್ಮಿದ್ದರು, ನಾನೂ ಅಲ್ಲೇ ಎರಡು ಸಲ ಕೆಮ್ಮಿದೆ. ರುಕ್ಮಾಯಿ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಆಮೇಲೆ ಬಕೆಟ್ಟಿಗೆ ಒದ್ದಳು. ಸಂಜೆಯೂ ಅದೇ ಕತೆ.

ಮರುದಿನ ಬೆಳಿಗ್ಗೆ ಕೆಚ್ಚಲು ಕಲ್ಲಿನಂತಾಗಿತ್ತು. ಮುಟ್ಟಿದರೆ ನಡುಗುತ್ತಿದ್ದಳು. "ಬಾವು ಬಂದ್ರ ಉಳ್ಯಾಂಗಿಲ್ರಿ ಇದು. ಆಕಿಗಿ ಏನಂತ ಹೇಳ್ಲಿ?" ಎಂದ ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನಗೆ ಹಾಡಿನ ಒಂದು ಸಾಲೂ ನೆನಪಾಗಲಿಲ್ಲ. ರುಕ್ಮಾಯಿಯ ಕೊರಳ ಮೇಲೆ ಕೈಯಿಟ್ಟು, ನನ್ನದೇ ಒಡಕು ಧ್ವನಿಯಲ್ಲಿ, ಅತ್ತೆಯ ಧಾಟಿಯ ಆಸುಪಾಸಿನಲ್ಲೆಲ್ಲೋ ಅಲೆಯುತ್ತ, ಬಾಯಿಗೆ ಬಂದದ್ದನ್ನು ಹಾಡಿದೆ: "ತಪ್ಪಾತವ್ವ ರುಕ್ಮಾಯಿ, ಸಿಟ್ಟು ಬಿಡವ್ವ ರುಕ್ಮಾಯಿ, ಅವ್ವ ನಾಳಿ ಬರ್ತಾಳ, ನಿನ್ನ ಮಾರಿ ನೋಡ್ತಾಳ..."

ಅವಳ ಕಿವಿ ಅಲುಗಿತು. ಬಕೆಟ್ಟಿನ ತಳದಲ್ಲಿ ಸುರ್ರೆಂದು ಸದ್ದಾಯಿತು.

"ನಿಲ್ಲಸಬ್ಯಾಡ್ರಿ! ಹಾಡ್ರಿ, ಹಾಡ್ರಿ!" ಮಾವ ಕೂಗಿದರು. ಜೀವಮಾನದಲ್ಲಿ ಮೊದಲ ಸಲ ಯಾರೋ ನನಗೆ ಇನ್ನೂ ಹಾಡು ಎಂದಿದ್ದರು. ಬಕೆಟ್ಟು ತುಂಬಿದಾಗ ಅಲ್ಲೇ ಸಗಣಿ ಬುಟ್ಟಿಯ ಪಕ್ಕ ಕುಳಿತುಬಿಟ್ಟೆ. ಇಷ್ಟು ವರ್ಷ ನಾನು ಮೂಲ ಗಾಯಕರಿಗೆ ಪಾಠ ಒಪ್ಪಿಸುತ್ತಿದ್ದೆ. ಎದುರಿಗಿದ್ದವರಿಗೆಂದು ಹಾಡಿದ್ದು ಅಂದೇ.

ಮರುದಿನ ಅತ್ತೆ ಕಪ್ಪು ಕನ್ನಡಕದಲ್ಲಿ ಬಂದಿಳಿದರು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಸಂಜೆಯೂ ನಾನೇ ಹಾಡಿದೆ. ಅತ್ತೆ ಗೋಡೆಗೆ ಒರಗಿ ಪೂರ್ತಿ ಕೇಳಿದರು.

"ಶಬ್ದ ನಂದಲ್ಲ, ಧಾಟಿನೂ ನೆಟ್ಟಗಿಲ್ಲ. ಆದ್ರೂ ಹಾಡು ಅದೇ ಐತಿ ನೋಡ್ರಿ" ಎಂದರು. ನಾನು ಉಬ್ಬಿಹೋದೆ. "ಅದ್ರಾಗೂ ಆ 'ತಪ್ಪಾತವ್ವ' ಅನ್ನೂದು ಭಾಳ ಮನಸಿನಿಂದ ಬರತೈತಿ."

"ಬರಲಾರ್ದ ಏನಬೇ? ಮನ್ಯಾಗ ದಿನಾ ರಿಯಾಜ್ ಐತೆಲ್ಲ" ಎಂದಳು ನನ್ನ ಹೆಂಡತಿ.

ನಾನು ಹಾಲಿನ ಬಕೆಟ್ಟು ಎತ್ತಿಕೊಂಡು ಒಳಗೆ ನಡೆದೆ.