ಆಂಟಿಆಕ್ಸಿಡೆಂಟ್ ಮೇಡಂ

ಪ್ರಯೋಗಾಲಯದೊಳಗೆ ನಾನು ಮಾಡುವ ಪ್ರಯೋಗಗಳು ಅಪರೂಪಕ್ಕೊಮ್ಮೆ ಫಲ ಕೊಡುತ್ತವೆ. ಹೊರಗೆ ಜನ ನನ್ನ ಮೇಲೆ ಮಾಡುವ ಪ್ರಯೋಗಗಳು ಮಾತ್ರ ಇದುವರೆಗೆ ಒಂದೂ ಸೋತದ್ದಿಲ್ಲ.

ನಾನು ಆಹಾರ ರಸಾಯನಶಾಸ್ತ್ರ ಓದಿದವಳು. ಶಿರಸಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೂತು ಮುರುಗಲು ಎಂಬ ಕಾಡಿನ ಹುಳಿಹಣ್ಣು, ನೆಲ್ಲಿಕಾಯಿ, ಕಾಳುಮೆಣಸು, ಬಸಳೆ ಸೊಪ್ಪು ಎಲ್ಲವನ್ನೂ ಅರೆದು, ಸೋಸಿ, ಅವುಗಳಲ್ಲಿ ಆಂಟಿಆಕ್ಸಿಡೆಂಟ್ ಎಷ್ಟಿದೆ ಎಂದು ಅಳೆಯುತ್ತೇನೆ. ಮನೆಯವರ ಪ್ರಕಾರ ಇದು ಚಟ್ನಿ ಅರೆದು ಊಟಕ್ಕೆ ಹಾಕದೇ ಇರುವ ಉದ್ಯೋಗ.

ಗೇಟಿನ ಆರೋಗ್ಯ

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ. ಯಾವುದನ್ನೂ ಪುರಾವೆಯಿಲ್ಲದೆ ನಂಬುವವರಲ್ಲ. ಒಂದು ಸಂಜೆ ಬೇಲಿಯ ಹತ್ತಿರ ನಿಲ್ಲಿಸಿಕೊಂಡು ಕೇಳಿದರು:

"ಅದೆಂತದು ಮೇಡಂ, ಆಂಟಿಆಕ್ಸಿಡೆಂಟ್ ಅಂದ್ರೆ? ನನಗೆ ತಿಳಿಯುವ ಹಾಗೆ ಹೇಳಿ ನೋಡುವಾ."

"ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕು ಹಿಡಿಯುತ್ತಲ್ಲ ಸರ್, ನಮ್ಮ ದೇಹದೊಳಗೂ ಹೆಚ್ಚುಕಡಿಮೆ ಅಂಥದ್ದೇ ಒಂದು ನಡೆಯುತ್ತಿರುತ್ತದೆ. ಅದನ್ನು ತಡೆಯುವ ವಸ್ತು. ನಮ್ಮ ಮುರುಗಲು ಸಿಪ್ಪೆಯಲ್ಲಿ ಬೇಕಾದಷ್ಟಿದೆ" ಎಂದೆ. ಇಷ್ಟು ಸರಳವಾಗಿ ಹೇಳಿದ್ದಕ್ಕೆ ನನಗೇ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಅವರು ಲುಂಗಿ ಎತ್ತಿ ಕಟ್ಟಿಕೊಂಡು, ಬುಟ್ಟಿ ತುಂಬ ಮುರುಗಲು ಸಿಪ್ಪೆ ಇಟ್ಟುಕೊಂಡು ತಮ್ಮ ಗೇಟನ್ನು ಉಜ್ಜುತ್ತಿದ್ದರು. ಹುಳಿಗೆ ತುಕ್ಕು ಬಿಡದೆ ಇರುತ್ತದೆಯೇ? ಗೇಟು ಪಳಪಳ ಹೊಳೆಯಿತು. ಓಣಿಯವರೆಲ್ಲ ಬಂದು ನೋಡಿ ನನ್ನ ವಿದ್ಯೆಯನ್ನು ಹೊಗಳಿದರು. ಹುಳಿಗೆ ಮೈ ಬರಿದಾದ ಕಬ್ಬಿಣ ಮುಂದಿನ ಮಳೆಗೆ ಮೊದಲಿಗಿಂತ ಜೋರಾಗಿ ಕೆಂಪಾಯಿತು.

ಮ್ಯಾನೇಜರ್ ನನ್ನನ್ನು ಕರೆದು ಗೇಟು ತೋರಿಸಿ ಹೇಳಿದರು: "ನೋಡಿ, ಗೇಟಿಗೇ ಈ ಗತಿ. ನಾನು ಅವಸರ ಮಾಡಿ ಮೊದಲೇ ಇದರ ರಸ ಕುಡಿದುಬಿಟ್ಟಿದ್ದರೆ?"

ಅರಬೈಲ್ ಘಟ್ಟಕ್ಕೆ ಎರಡು ನೆಲ್ಲಿಕಾಯಿ

ಕಾಡು ನೆಲ್ಲಿಕಾಯಿ ತರಲು ನಾನೂ ನನ್ನ ಸಹೋದ್ಯೋಗಿಯೂ ಕಿರವತ್ತಿ ಕಡೆ ಹೋಗಿದ್ದೆವು. ಚೀಲ ತುಂಬಿಸಿಕೊಂಡು ಹೆದ್ದಾರಿಯ ಢಾಬಾದಲ್ಲಿ ಚಹಾ ಕುಡಿಯುತ್ತ, ಇದರಲ್ಲಿ ಆಂಟಿಆಕ್ಸಿಡೆಂಟ್ ಎಷ್ಟಿರಬಹುದು ಎಂದು ಮಾತಾಡುತ್ತಿದ್ದೆವು. ಪಕ್ಕದ ಮೇಜಿನ ಲಾರಿ ಡ್ರೈವರ್ ಪೂರಿ ತಿನ್ನುವುದನ್ನು ನಿಲ್ಲಿಸಿದ.

"ಮೇಡಂ, ಏನಂದ್ರಿ? ಆಂಟಿ ಆಕ್ಸಿಡೆಂಟಾ? ಈ ಕಾಯಾಗ ಐತೇನ್ರಿ ಅದು?"

"ಹೌದು, ಬಹಳ ಇದೆ."

"ಹಂಗಾದ್ರ ಎರಡ ಕೊಡ್ರಿ. ಮುಂದ ಅರಬೈಲ್ ಘಟ್ಟ ಇಳೀಬೇಕು."

ಅವನು ತಿಳಿದ ಆಕ್ಸಿಡೆಂಟೇ ಬೇರೆ ಎಂದು ನಮಗೆ ಹೊಳೆಯುವಷ್ಟರಲ್ಲಿ ಅವನು ಎದ್ದು ಹೋಗಿ ಲಾರಿಯ ಮುಂದೆ ನೇತಾಡುತ್ತಿದ್ದ ನಿಂಬೆಹಣ್ಣು, ಹಸಿಮೆಣಸಿನಕಾಯಿಯ ಸರಕ್ಕೆ ನೆಲ್ಲಿಕಾಯಿ ಪೋಣಿಸತೊಡಗಿದ್ದ. ನಮ್ಮ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಳೆದ ವಿಟಮಿನ್ ಸಿ ಎಲ್ಲ ಒಂದೇ ದಾರದಲ್ಲಿ ಬಂಪರಿಗೆ ಬಡಿಯುತ್ತಿತ್ತು.

ನಾನು ಓಡಿಹೋಗಿ, "ಅಣ್ಣಾ, ಅದು ಆ ಆಕ್ಸಿಡೆಂಟ್ ಅಲ್ಲ. ಅದನ್ನು ನೀವು ತಿನ್ನಬೇಕು, ಲಾರಿಗೆ ಕಟ್ಟುವುದಲ್ಲ" ಎಂದೆ.

ಅವನು ನನ್ನ ಅಜ್ಞಾನಕ್ಕೆ ಮರುಗಿದವನಂತೆ ನಕ್ಕ. "ನಾ ತಿಂದ್ರ ನನಗ ಒಬ್ಬಂಗಷ್ಟ ಆತಲ್ರಿ. ಲಾರಿಗೆ ಕಟ್ಟಿದ್ರ ಕ್ಲೀನರಗೂ ಆತು, ಲೋಡಿಗೂ ಆತು, ಎದುರಿಗೆ ಬರೋ ನಿಮ್ಮಂಥಾವ್ರಿಗೂ ಆತು!"

ಮುಪ್ಪಿನ ಓಟ

ಒಂದು ಪತ್ರಿಕೆಯ ವರದಿಗಾರರು ಫೋನ್ ಮಾಡಿ, ಸೂಜಿಮೆಣಸಿನ ಬಗ್ಗೆ ನಾಲ್ಕು ಮಾತು ಬೇಕು ಎಂದರು. ನಮ್ಮ ಕಡೆ ಬೇಲಿ ಬದಿಯಲ್ಲಿ ಬೆಳೆಯುವ, ಉಗುರಿನಷ್ಟೇ ಇದ್ದು ಊರಿಗೆ ಸಾಕಾಗುವಷ್ಟು ಖಾರ ಇರುವ ಮೆಣಸು ಅದು. ನಾನು ವಿಜ್ಞಾನಿಗಳು ಮಾತಾಡುವ ಹಾಗೆಯೇ ಮಾತಾಡಿದೆ: "ಗಾಜಿನ ನಳಿಕೆಯಲ್ಲಿ ನೋಡಿದಾಗ ಒಳ್ಳೆಯ ಅಂಶಗಳು ಕಂಡಿವೆ. ಮನುಷ್ಯರ ಮೇಲೆ ನಾವು ನೋಡಿಲ್ಲ. ಪ್ರಯೋಜನ ಇರಬಹುದು, ಇಲ್ಲದೆಯೂ ಇರಬಹುದು."

"ಇರಬಹುದು ಅಂದ್ರೆ ಹೆಡ್ಡಿಂಗಿಗೆ ಆಗೋದಿಲ್ಲ ಮೇಡಂ" ಎಂದು ಅವರು ಬೇಸರಪಟ್ಟರು.

ಆದದ್ದು ಹೀಗೆ: "ಸೂಜಿಮೆಣಸು ತಿನ್ನಿ, ಮುಪ್ಪು ಓಡಿಸಿ!" ಕೆಳಗೆ ನನ್ನ ಫೋಟೋ. ಅದರಲ್ಲಿ ನಾನು ನನ್ನ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಾದವಳ ಹಾಗೆ ಕಾಣುತ್ತಿದ್ದೆ. ಅದನ್ನು ನೋಡಿಯೂ ಯಾರಿಗೂ ಅನುಮಾನ ಬರಲಿಲ್ಲ.

ಕೆಲವು ದಿನಗಳಾದ ಮೇಲೆ ಯಲ್ಲಾಪುರದಿಂದ ನಿವೃತ್ತ ಮಾಸ್ತರರೊಬ್ಬರು ಬಸ್ಸು ಹತ್ತಿ ನನ್ನನ್ನು ಹುಡುಕಿಕೊಂಡು ಬಂದರು. ಪೇಪರಿನ ತುಂಡು ಕೈಯಲ್ಲಿತ್ತು. ಮುಖ ಬಾಡಿತ್ತು. ಕುರ್ಚಿ ಕೊಟ್ಟರೆ, ಬೇಡ, ನಿಂತಿರುವುದೇ ಹಿತ ಎಂದರು.

"ನೀವು ಹೇಳಿದ್ದು ಅಂತ ದಿನಾ ರಾತ್ರಿ ಊಟಕ್ಕೆ ಹಿಡಿ ಮೆಣಸು ತಿಂದೆ ಮೇಡಂ."

"ಅಯ್ಯೋ! ಏನಾಯ್ತು ಸರ್?"

"ಮುಪ್ಪು ಓಡ್ತಾ ಇದೆಯೋ ಇಲ್ಲವೋ ನನಗೆ ಗೊತ್ತಾಗ್ತಾ ಇಲ್ಲ. ಬೆಳಗಾದರೆ ನಾನಂತೂ ಓಡ್ತಾ ಇದ್ದೇನೆ."

ಮಜ್ಜಿಗೆ ತರಿಸಿಕೊಟ್ಟೆ. ಅರ್ಧ ಕುಡಿದು, ದಾರಿ ಕೇಳಿಕೊಂಡು ಮತ್ತೆ ಓಡಿದರು.

ತಡವಾಗಿ ಬಂದ ಜ್ಞಾನ

ಸಿದ್ದಾಪುರದಲ್ಲಿ "ಹಣ್ಣು ತರಕಾರಿ ತಿನ್ನಿ, ಆರೋಗ್ಯವಾಗಿರಿ" ಎಂಬ ಕಾರ್ಯಕ್ರಮ. ನಾನು ಉಪನ್ಯಾಸಕಿ. ಉದ್ಘಾಟನೆಗೆ ಒಬ್ಬ ಗಣ್ಯರು ಬರಬೇಕಿತ್ತು. ವೇದಿಕೆಯ ಮುಂದೆ ದೊಡ್ಡ ಹರಿವಾಣದಲ್ಲಿ ಸೇಬು, ಬಾಳೆಹಣ್ಣು, ಪೇರಳೆ ಚಂದವಾಗಿ ಹೆಚ್ಚಿ ಜೋಡಿಸಿಟ್ಟಿದ್ದರು. ಗಣ್ಯರು ಬಂದು ಮೊದಲ ತುಂಡು ಬಾಯಿಗೆ ಹಾಕಿಕೊಂಡರೆ ಉದ್ಘಾಟನೆ ಆದಂತೆ.

ಗಣ್ಯರು ಬರಲಿಲ್ಲ. ಸಂಘಟಕರು "ದಾರಿಯಲ್ಲಿದ್ದಾರೆ, ದಾರಿಯಲ್ಲಿದ್ದಾರೆ" ಎನ್ನುತ್ತ ಹಾಡು ಹೇಳಿಸಿದರು. ಹಸಿದ ಸಭಿಕರಿಗೆ ಮೆಣಸಿನಕಾಯಿ ಬಜ್ಜಿ ಹಂಚಿದರು. ಹಣ್ಣುಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಗಣ್ಯರ ಕಾರು ಬಂದಾಗ ಹರಿವಾಣದಲ್ಲಿದ್ದ ಸೇಬು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಬಾಳೆಹಣ್ಣು ಕಪ್ಪಾಗಿತ್ತು. ಸಂಘಟಕರ ಮುಖ ಎರಡಕ್ಕಿಂತ ಕಪ್ಪು.

ಮರ್ಯಾದೆ ಉಳಿಸಲು ನಾನೇ ಮೈಕ್ ತೆಗೆದುಕೊಂಡೆ. "ನೋಡಿ, ಹೆಚ್ಚಿಟ್ಟ ಹಣ್ಣಿಗೆ ಗಾಳಿ ತಾಗಿದರೆ ಹೀಗಾಗುತ್ತದೆ. ಇದಕ್ಕೇ ಆಕ್ಸಿಡೇಶನ್ ಎನ್ನುವುದು. ನಿಂಬೆರಸ ಹಿಂಡಿದ್ದರೆ ಹೀಗೆ ಆಗುತ್ತಿರಲಿಲ್ಲ. ಅದೇ ಆಂಟಿಆಕ್ಸಿಡೆಂಟ್." ಸಭೆ ಮೊದಲ ಸಲ ತಲೆದೂಗಿತು.

ಗಣ್ಯರು ಎದ್ದು ನಿಂತರು. ಕಪ್ಪು ಹಣ್ಣನ್ನು ಮುಟ್ಟದೆ, ಮೈಕನ್ನು ಮಾತ್ರ ಮುಟ್ಟಿದರು. "ಬಂಧುಗಳೇ, ನಾನು ಹೇಳಿದ ಸಮಯಕ್ಕೆ ಬಂದುಬಿಟ್ಟಿದ್ದರೆ ಈ ವಿಜ್ಞಾನ ನಿಮಗೆ ತಿಳಿಯುತ್ತಿತ್ತೇ? ಮುಂದಿನ ವರ್ಷವೂ ನಿಮ್ಮ ತಿಳಿವಳಿಕೆಗೋಸ್ಕರ ಎಷ್ಟು ತಡವಾದರೂ ಬಂದೇ ಬರುತ್ತೇನೆ!"

ಚಪ್ಪಾಳೆ ಬಜ್ಜಿಯ ಎಣ್ಣೆ ಕೈಯಿಂದಲೇ ಬಿತ್ತು.

ಎರಡು ಭರಣಿ

ಅಪ್ಪೆಮಿಡಿ ಎಂಬ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ವರ್ಷಗಟ್ಟಲೆ ಇಟ್ಟರೂ ಅದರಲ್ಲಿ ಆಂಟಿಆಕ್ಸಿಡೆಂಟ್ ಉಳಿದಿರುತ್ತದೆಯೇ ಎಂದು ನೋಡುವ ಯೋಜನೆ ನಮ್ಮದು. ಅದಕ್ಕೆ ಹಳೆಯ ಉಪ್ಪಿನಕಾಯಿ ಬೇಕು. ಉಮ್ಮಚಗಿಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಓರಗಿತ್ತಿಯರು, ಇಬ್ಬರೂ ಅಜ್ಜಿಯರು, ಒಂದೊಂದು ಭರಣಿ ಕೊಟ್ಟರು. ವಿಜ್ಞಾನದ ಮೇಲಿನ ಪ್ರೀತಿಗಲ್ಲ. ಉಪ್ಪಿನಕಾಯಿಯಲ್ಲಿ ಯಾರ ಕೈ ಮೇಲು ಎಂಬ ಜಗಳ ಅವರು ಆ ಮನೆತನಕ್ಕೆ ಸೊಸೆಯರಾಗಿ ಬಂದಾಗಿನಿಂದ ತೀರ್ಮಾನವಾಗದೆ ಉಳಿದಿತ್ತು.

ದೊಡ್ಡ ಅಜ್ಜಿ ಭರಣಿ ಕೊಡುವಾಗಲೇ ಕೇಳಿದ್ದರು: "ಕೂಸೆ, ನಿನ್ನ ಮೆಷಿನ್ನು ಖರೆ ಹೇಳ್ತನೆ? ಅದ್ರ ಮೋರೆ ನೋಡಿ ಹೇಳ್ತಿಲ್ಲೆ ಅಲ್ದಾ?" 'ಅದು' ಎಂದರೆ ಓರಗಿತ್ತಿ.

ಭರಣಿಗಳು ಪ್ರಯೋಗಾಲಯಕ್ಕೆ ಬಂದ ಮರುದಿನವೇ, ಯೋಜನೆ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವ ಸಮಿತಿ ಬಂತು. ಮೂವರು ದೊಡ್ಡ ವಿಜ್ಞಾನಿಗಳು. ಅಧ್ಯಕ್ಷರು ನಾನು ತೋರಿಸಿದ ಪ್ರತಿ ಚಿತ್ರಕ್ಕೂ, "ಇದರಿಂದ ಸಮಾಜಕ್ಕೆ ಏನು ಉಪಯೋಗ?" ಎಂದು ಕೇಳಿದರು. ನಾನು ಹೇಳಿದ ಯಾವ ಉತ್ತರಕ್ಕೂ ಅವರ ಹುಬ್ಬು ಇಳಿಯಲಿಲ್ಲ. ಯೋಜನೆ ಮುಳುಗಿತು ಎಂದುಕೊಂಡೆ.

ಮಧ್ಯಾಹ್ನ ಹೋಟೆಲಿನಿಂದ ಮೊಸರನ್ನ ತರಿಸಿದೆ. ಉಪ್ಪಿನಕಾಯಿ ತರಿಸಲು ಮರೆತಿದ್ದೆ. ಅಧ್ಯಕ್ಷರ ಕಣ್ಣು ಮೇಜಿನ ಮೇಲಿದ್ದ ದೊಡ್ಡ ಅಜ್ಜಿಯ ಭರಣಿಯ ಮೇಲೆ ಬಿತ್ತು.

"ಇದೇನು, ಮಾದರಿಯೋ?"

"ಹೌದು ಸರ್. ಇನ್ನೂ ಪರೀಕ್ಷೆ ಮಾಡಿಲ್ಲ."

"ರುಚಿ ಪರೀಕ್ಷೆ?"

"ಅದು ನಮ್ಮ ಯೋಜನೆಯಲ್ಲಿ ಇಲ್ಲ ಸರ್."

"ದೊಡ್ಡ ಕೊರತೆ!" ಎಂದವರೇ ಒಂದು ಮಿಡಿ ತೆಗೆದುಕೊಂಡರು. ಕಚ್ಚಿದರು. ಬೆಳಗಿನಿಂದ ಇಳಿಯದ ಹುಬ್ಬು ಇಳಿಯಿತು. "ಒಂದೇ ಸಲದ ಪ್ರಯೋಗವನ್ನು ನಂಬಬಾರದು" ಎಂದು ಇನ್ನೊಂದು ತೆಗೆದುಕೊಂಡರು. ಬೇರೆ ಪರೀಕ್ಷಕರಿಂದಲೂ ಖಚಿತಪಡಿಸಿಕೊಳ್ಳಬೇಕು ಎಂದು ಉಳಿದಿಬ್ಬರ ಕಡೆ ಭರಣಿ ತಳ್ಳಿದರು. ಕೊನೆಗೆ ಅಧ್ಯಕ್ಷರು ರಸವನ್ನೂ ಅನ್ನಕ್ಕೆ ಬಗ್ಗಿಸಿಕೊಂಡು, "ಸಮಾಜಕ್ಕೆ ಬಹಳ ಉಪಯೋಗ ಇದೆ" ಎಂದು ಯೋಜನೆಗೆ ಒಪ್ಪಿಗೆ ಕೊಟ್ಟರು. ಯೋಜನೆ ಉಳಿಯಿತು, ಮಾದರಿ ಉಳಿಯಲಿಲ್ಲ.

ಖಾಲಿ ಭರಣಿ ಹಿಡಿದು, ಅಳುಕುತ್ತಲೇ ಉಮ್ಮಚಗಿಗೆ ಹೋದೆ. ದೊಡ್ಡ ಅಜ್ಜಿ ಅಂಗಳದಲ್ಲೇ ಹಿಡಿದರು.

"ಎಂತ ಹೇಳ್ತು ನಿನ್ನ ಮೆಷಿನ್ನು?"

"ಮೆಷಿನ್ನಿಗೆ ಸಿಗಲೇ ಇಲ್ಲ ಅಜ್ಜಿ. ಊಟಕ್ಕೆ ಕೂತ ದೊಡ್ಡ ವಿಜ್ಞಾನಿಗಳು ಖಾಲಿ ಮಾಡಿಬಿಟ್ಟರು."

ಅಜ್ಜಿ ಬೇಲಿಯ ಕಡೆ ಗಲ್ಲ ತಿರುಗಿಸಿದರು. "ಅದ್ರದ್ದು?"

"ಅವರದ್ದರ ಮುಚ್ಚಳ ಸಹ ತೆಗೆದಿಲ್ಲ."

"ಹಂಗಾರೆ ಗೆದ್ದದ್ದು ಆನು!" ಅಜ್ಜಿಯ ದನಿ ಬೇಲಿ ದಾಟುವಷ್ಟು ಏರಿತು. "ಇದನ್ನೇ ಬರ್ದು, ಶಿಕ್ಕೆ ಹೊಡ್ದು ಕೊಡು. ಜಗಲಿ ಗೋಡೆಗೆ ಹಾಕ್ತೆ."

ಅಷ್ಟರಲ್ಲಿ ಬೇಲಿಯಾಚೆಯಿಂದ ಸಣ್ಣ ಅಜ್ಜಿಯ ತಲೆ ಮೇಲೆದ್ದಿತು. ಸಿಟ್ಟಿರಲಿಲ್ಲ, ನಗುತ್ತಿದ್ದರು.

"ಕೂಸೆ, ಯಂಗೂ ಒಂದು ಬರ್ದುಕೊಡು."

"ನಿಮಗೆ ಏನಂತ ಬರೆಯಲಿ ಅಜ್ಜಿ?"

"ಉಪ್ಪಿನಕಾಯಿ ವರ್ಷಗಟ್ಟಲೆ ಉಳಿತಾ ಇಲ್ಯಾ ನೋಡೂಲೆ ಅಲ್ದನೆ ನೀನು ತಗಂಡು ಹೋದದ್ದು? ಅದ್ರದ್ದು ಒಂದು ಊಟಕ್ಕೇ ಮುಗತ್ತು. ಯಂದು ಮೂರು ವಿಜ್ಞಾನಿಗ ಬಂದ್ರೂ ಉಳತ್ತು. ಅದನ್ನೇ ಬರಿ!"