ಆಂಬುಲೆನ್ಸಿಗೆ ಬೆನ್ನು ತೋರಿಸಿದವನು

ಬೆಳಗ್ಗೆ ಮಗಳಿಗೆ ಮಧ್ಯಾಹ್ನದ ಡಬ್ಬಿ ಕಟ್ಟುವುದು ವೆಂಡೆಲ್ ಪ್ರಾಥರನ ಕೆಲಸ. ಆ ದಿನ ಬ್ರೆಡ್ಡು ಮುಗಿದಿತ್ತು. ಫ್ರೀಜರಿನ ಮೂಲೆಯಲ್ಲಿ ಒಂದೇ ಒಂದು ಬೇಗಲ್, ಬಳೆಯಾಕಾರದ ದಪ್ಪ ಬನ್ನು, ಸಿಕ್ಕಿತು. ಹೊಳೆಯ ಕಲ್ಲಿಗಿಂತ ಗಟ್ಟಿ. ಅದು ಕರಗುವವರೆಗೆ ಕಾಯಲು ಪುರುಸೊತ್ತಿರಲಿಲ್ಲ, ಯಾಕೆಂದರೆ ಊರಿನ ಸ್ಕೂಲ್ ಬಸ್ಸು ಓಡಿಸುವವನೂ ಅವನೇ. ಬೇಗಲನ್ನು ಅಂಗೈಯಲ್ಲೇ ಹಿಡಿದು ಚಾಕು ಒತ್ತಿದ. ಬೇಗಲಿಗೆ ಏನೂ ಆಗಲಿಲ್ಲ. ಚಾಕು ಜಾರಿ ಅವನ ಎಡಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

"ಅಪ್ಪಾ, ಒಂದು ಕೇಳ್ಲಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಏಳು ವರ್ಷದ ಜೂನಿ. ಮೇ ತಿಂಗಳ ಸೆಕೆಯಲ್ಲೂ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದಳು.

"ಆಮೇಲೆ ಕಂದಾ," ಎನ್ನುತ್ತ ವೆಂಡೆಲ್ ಕೈಗೆ ಟವೆಲ್ಲು ಸುತ್ತಿದ. ಟವೆಲ್ಲು ನೋಡನೋಡುತ್ತಲೇ ಕೆಂಪಾಯಿತು. ಅವನು ಹೆದರಿದ್ದು ರಕ್ತಕ್ಕಲ್ಲ. ಹೆಬ್ಬೆರಳು ಮಡಿಚಲು ಬರುತ್ತಿರಲಿಲ್ಲ. ಹೆಬ್ಬೆರಳಿಲ್ಲದಿದ್ದರೆ ಸ್ಟೀರಿಂಗ್ ಹಿಡಿಯುವ ಹಾಗಿಲ್ಲ, ಸ್ಟೀರಿಂಗ್ ಹಿಡಿಯದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಇನ್ಶೂರೆನ್ಸಿಲ್ಲ, ಇನ್ಶೂರೆನ್ಸಿಲ್ಲದವನ ಹೆಬ್ಬೆರಳು ನೋಡಲು ಯಾರಿಗೂ ಬಿಡುವಿಲ್ಲ. ಒಂದು ಸಂಸಾರವನ್ನು ಒಂದು ಬೆರಳಿಗೆ ಗಂಟುಹಾಕುವ ಈ ಏರ್ಪಾಡು ಮಾಡಿದ ಮಹಾನುಭಾವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಸ್ಕೂಲಿಗೆ ಫೋನು ಮಾಡಿ ಬಸ್ಸಿಗೆ ಬೇರೆ ಡ್ರೈವರನ್ನು ಕಳಿಸಲು ಹೇಳಿ ಅಂಗಳಕ್ಕೆ ಬರುವಷ್ಟರಲ್ಲಿ ಎದುರುಮನೆಯ ಕ್ಲೀಟಸ್ ಗ್ಯಾರೇಜಿನಿಂದ ಓಡಿಬಂದ.

"ಬಾರೋ ಒಳಗೆ, ಸೂಪರ್ ಗ್ಲೂ ಹಾಕ್ತೀನಿ. ನನ್ನ ಮೊಣಕಾಲು ಸೀಳಿದಾಗ ಅಂಟಿಸ್ಕೊಂಡಿದ್ದು ನಾನೇ. ಪ್ಯಾಂಟೂ ಸೇರಿ ಅಂಟಿತ್ತು, ಅದು ಬೇರೆ ವಿಷ್ಯ."

"ಸುಮ್ನೆ ಆಚೆ ಹೋಗೋ," ಎಂದು ಪಕ್ಕದ ಮನೆಯ ಮಿಸ್ ಅರ್ಡೆಲ್ ಅವನನ್ನು ತಳ್ಳಿದಳು. ಎಂಬತ್ತು ದಾಟಿದ ಮುದುಕಿ, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. "ವೆಂಡೆಲ್, ಕೂತ್ಕೋ. ಕೌದಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿಬಿಡ್ತೀನಿ. ನೀಲಿ ಬೇಕೋ, ಹಸಿರು ಬೇಕೋ?"

ಡಾಕ್ಟರನ್ನು ಕರೆಯಿರಿ ಎಂದು ಇಬ್ಬರ ಬಾಯಲ್ಲೂ ಬರಲಿಲ್ಲ. ಆ ಕೆಲಸ ಮಾಡಿದವನು ಆ ಬೀದಿಗೆ ಹೊಸದಾಗಿ ವಾಸಕ್ಕೆ ಬಂದಿದ್ದ ಒಬ್ಬ ಯುವಕ. ಬೆಳಗಿನ ಓಟಕ್ಕೆ ಹೊರಟಿದ್ದವನು ನಿಂತು, ಫೋನು ಕಿವಿಗಿಟ್ಟು, "ಆಂಬುಲೆನ್ಸ್ ಬರ್ತಿದೆ!" ಎಂದು ಹೆಮ್ಮೆಯಿಂದ ಕೂಗಿದ.

ಮೂವರ ಮುಖವೂ ಸಾವಿನ ಸುದ್ದಿ ಕೇಳಿದಂತಾಯಿತು.

"ಆಂಬುಲೆನ್ಸಾ?" ಮಿಸ್ ಅರ್ಡೆಲ್ ಸೊಂಟಕ್ಕೆ ಕೈಯಿಟ್ಟಳು. "ಅಯ್ಯೋ ಪಾಪಿ, ಅವನು ನಿನಗೇನು ಅನ್ಯಾಯ ಮಾಡಿದ್ನೋ? ಅದರ ಬಿಲ್ಲು ತೀರಿಸೋಕೆ ಮನೆ ಮಾರಬೇಕಾಗುತ್ತೆ!"

ಸೈರನ್ ಕೇಳಿಸಿದ್ದೇ ವೆಂಡೆಲ್ ಕೈ ಮೇಲಕ್ಕೆತ್ತಿಕೊಂಡು ಓಟ ಕಿತ್ತ. ಕ್ಲೀಟಸನ ಗ್ಯಾರೇಜು ಹಾದು, ಬೇಲಿ ಹಾರಿ, ಯಾರದೋ ಟೊಮೇಟೊ ಪಾತಿ ತುಳಿದು ಹಿಂದಿನ ಬೀದಿಗೆ ಬಿದ್ದರೆ ಆಂಬುಲೆನ್ಸು ಅಲ್ಲಿಗೂ ಬಂತು. ಎತ್ತಿನ ಪಕ್ಕ ಗಾಡಿಯವನು ಬಂದಂತೆ ಅವನ ಪಕ್ಕದಲ್ಲೇ ನಿಧಾನವಾಗಿ ಉರುಳಿತು. ಕಿಟಕಿಯಿಂದ ಆಂಬುಲೆನ್ಸಿನ ಹುಡುಗಿಯೊಬ್ಬಳು ತಲೆ ಹೊರಹಾಕಿದಳು.

"ಸಾರ್, ಹತ್ತಿ ಸಾರ್! ರಕ್ತ ಸೋರ್ತಿದೆ!"

"ಸೋರ್ಲಿ! ನನ್ನ ರಕ್ತ, ನನ್ನಿಷ್ಟ! ನನ್ನನ್ನ ಮುಟ್ಟಬೇಡಿ!"

"ಇದು ನಿಮ್ಮ ಒಳ್ಳೇದಕ್ಕೇ ಸಾರ್!"

"ನಿಮ್ಮ ಗಾಡಿ ನನ್ನ ಇನ್ಶೂರೆನ್ಸಿನ ಪಟ್ಟಿಯಲ್ಲಿ ಇದೆಯೇನಮ್ಮ? ಇಲ್ಲದಿದ್ರೆ ಬಿಲ್ಲೆಲ್ಲ ನನ್ನ ತಲೆಗೆ!"

ಹುಡುಗಿ ಪಕ್ಕದಲ್ಲಿ ಗಾಡಿ ಓಡಿಸುತ್ತಿದ್ದವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಿಜ ಹೇಳ್ಲಾ ಸಾರ್? ನಾನಾಗಿದ್ರೂ ಹತ್ತುತ್ತಿರಲಿಲ್ಲ. ಓಡಿ."

ಕೊನೆಗೆ ಮಿಸ್ ಅರ್ಡೆಲ್ ತನ್ನ ಮುದಿ ಕಾರು ತಂದು ನಿಲ್ಲಿಸಿದಳು. ಜೂನಿ ಹಿಂದಿನ ಸೀಟಿನಲ್ಲಿದ್ದಳು. ಎರಡು ತಿರುವು ದಾಟುವಷ್ಟರಲ್ಲಿ ಊರ ಆಸ್ಪತ್ರೆ ಬಂತು. ಎಮರ್ಜೆನ್ಸಿ ಎಂಬ ಕೆಂಪು ಬೋರ್ಡು, ತೆರೆದ ಬಾಗಿಲು, ಬಾಗಿಲಲ್ಲಿ ಕಾಫಿ ಕುಡಿಯುತ್ತ ನಿಂತ ನರ್ಸು. ಅರ್ಡೆಲ್ ಬ್ರೇಕು ಒತ್ತಿದಳು.

"ನಿಲ್ಲಿಸಬೇಡಿ!" ಎಂದ ವೆಂಡೆಲ್ ಸೀಟಿನಲ್ಲೇ ಕೆಳಕ್ಕೆ ಕುಸಿದು. "ಇದು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರೋದು ಪಕ್ಕದ ಜಿಲ್ಲೆಯದ್ದು, ಆಚೆ ಕೌಂಟಿಯದ್ದು. ನಲವತ್ತು ಮೈಲಿ."

"ಆ ಪಟ್ಟಿ ನಿನ್ನ ಬೆರಳಿಗೆ ಗೊತ್ತೇನೋ?" ಅರ್ಡೆಲ್ ಮುಖ ಕೆಂಪಗೆ ಮಾಡಿಕೊಂಡು ಕಾರು ಮುಂದೆ ಬಿಟ್ಟಳು. "ನನ್ನ ಹಂದಿಗೆ ಹುಷಾರಿಲ್ಲಾಂದ್ರೆ ಡಾಕ್ಟರು ಕೊಟ್ಟಿಗೆಗೇ ಬರ್ತಾನೆ, ಕೆಸರಲ್ಲಿ ಮಂಡಿಯೂರಿ ನೋಡ್ತಾನೆ. ಮನುಷ್ಯನಾಗಿ ಹುಟ್ಟಿದ ತಪ್ಪಿಗೆ ನೀನು ನಲವತ್ತು ಮೈಲಿ ಸೋರ್ಕೊಂಡು ಹೋಗು!"

ಅವಳ ಸಿಟ್ಟಿಗೆ ಇದ್ದ ವೇಗ ಕಾರಿಗಿರಲಿಲ್ಲ. ಟ್ರಾಕ್ಟರುಗಳು ಹಿಂದೆ ಹಾಕಿ ಹೋದವು. ಜೂನಿ ತಲೆಯ ಒಂದು ಬದಿಯನ್ನು ತಣ್ಣನೆಯ ಗಾಜಿಗೆ ಒತ್ತಿಕೊಂಡು ಕೂತಿದ್ದಳು.

"ಅಪ್ಪಾ, ಈಗ ಕೇಳ್ಲಾ?"

"ಆಮೇಲೆ ಬಂಗಾರಾ. ಅಪ್ಪನಿಗೆ ಸ್ವಲ್ಪ ತಲೆ ತಿರುಗ್ತಿದೆ."

ಪಕ್ಕದ ಕೌಂಟಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಳ್ಳೆಯವಳು. ಒಳ್ಳೆಯ ಡಾಕ್ಟರುಗಳಿಗೆ ಈ ದೇಶದಲ್ಲಿ ಬರವಿಲ್ಲ, ಅವರ ಬಾಗಿಲಿಗೆ ಹೋಗುವ ದಾರಿಗೇ ಬರ. ಬೆರಳನ್ನು ಎಳೆಯುವ ಸ್ನಾಯುವಿನ ಹುರಿ ಅರ್ಧ ಮಾತ್ರ ತುಂಡಾಗಿದೆ, ಗಾಯ ಮಾಗಿದ ಮೇಲೆ ಬಸ್ಸು ಓಡಿಸಬಹುದು ಎಂದಾಗ ವೆಂಡೆಲನ ಕಣ್ಣಲ್ಲಿ ನೀರು ಬಂತು. ಹೊಲಿಗೆ ಮುಗಿದ ಮೇಲೆ ಅರ್ಡೆಲ್ ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡಿ, "ಪರವಾಗಿಲ್ಲ, ಕಲಿತಿದ್ದಾಳೆ," ಎಂದಳು.

ಹೊರಡುವಾಗ ಬಿಲ್ಲಿನ ಕೌಂಟರಿನ ಹೆಂಗಸು ಇನ್ಶೂರೆನ್ಸಿನವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಜೇನು ಸುರಿದಂಥ ಗಂಡುದನಿ. ಏನಾಯಿತು, ಹೇಗೆ ಬಂದಿರಿ ಎಂದು ಕೇಳಿತು. ವೆಂಡೆಲ್ ತನ್ನ ಜಾಣತನವನ್ನೆಲ್ಲ ಬಿಚ್ಚಿಟ್ಟ: ಆಂಬುಲೆನ್ಸಿಗೆ ಬೆನ್ನು ತೋರಿಸಿದ್ದು, ಊರ ಆಸ್ಪತ್ರೆಯ ಮುಂದೆ ನಿಲ್ಲಿಸದೆ ಬಂದದ್ದು, ಪಟ್ಟಿಯ ಗೆರೆ ದಾಟದೆ ನಡೆದದ್ದು.

"ಸಾರ್, ಎಮರ್ಜೆನ್ಸಿ ಆಗಿದ್ರೆ ನೀವು ಹತ್ತಿರದ ಆಸ್ಪತ್ರೆಗೇ ಹೋಗಬಹುದಿತ್ತು. ಪಟ್ಟಿಯಲ್ಲಿ ಇಲ್ಲದಿದ್ರೂ ನಾವು ದುಡ್ಡು ಕೊಡಲೇಬೇಕು. ಕಾನೂನೇ ಇದೆ."

ವೆಂಡೆಲ್ ತಬ್ಬಿಬ್ಬಾದ. "ಇರ್ಲಿ ಬಿಡಿ. ನಾನು ಪಟ್ಟಿಯಲ್ಲಿ ಇರೋದಕ್ಕೇ ಬಂದಿದ್ದೀನಲ್ಲ, ಇನ್ನೂ ಒಳ್ಳೇದಾಯ್ತು."

"ಅಲ್ಲೇ ಸಾರ್ ತೊಡಕು. ಆಂಬುಲೆನ್ಸ್ ಬಂದ್ರೂ ಹತ್ತಲಿಲ್ಲ. ಆಸ್ಪತ್ರೆ ಎದುರಿಗಿದ್ರೂ ಇಳೀಲಿಲ್ಲ. ಆರಾಮಾಗಿ ಕಾರಲ್ಲಿ ಕೂತು ನಲವತ್ತು ಮೈಲಿ ಬಂದ್ರಿ. ನಿಜವಾದ ಎಮರ್ಜೆನ್ಸಿಯವರು ಹೀಗೆ ಮಾಡ್ತಾರಾ? ಎಮರ್ಜೆನ್ಸಿ ಅಲ್ಲದ್ದಕ್ಕೆ ಎಮರ್ಜೆನ್ಸಿ ರೂಮಿಗೆ ಬಂದ್ರೆ ನಾವು ಕೊಡಲ್ಲ ಸಾರ್."

ಅರ್ಡೆಲ್ ಫೋನನ್ನು ಎಳೆದುಕೊಂಡಳು. "ಲೇ ಹುಡುಗಾ! ರಕ್ತ ಸುರೀತಿದ್ರೂ ಇವನು ನಿಮ್ಮ ಪಟ್ಟಿಗೆ ಮರ್ಯಾದೆ ಕೊಟ್ಟು ಬಂದ. ಅದಕ್ಕೆ ಶಿಕ್ಷೆನಾ? ನಿಮ್ಮಮ್ಮ ನಿನಗೆ ಇದನ್ನೇ ಹೇಳಿಕೊಟ್ಟಳಾ?"

"ನಿಮ್ಮ ಬೇಸರ ಅರ್ಥ ಆಗುತ್ತೆ ಅಮ್ಮಾ. ಇವತ್ತಿನ ನಮ್ಮ ಸೇವೆಗೆ ಒಂದರಿಂದ ಐದರವರೆಗೆ ಎಷ್ಟು ಕೊಡ್ತೀರಿ?"

"ಐದು! ಈ ಕಡೆ ಬಾ, ಐದೂ ಬೆರಳು ಕೆನ್ನೆ ಮೇಲೇ ಕೊಡ್ತೀನಿ!"

ಲೈನು ಕಟ್ಟಾಯಿತು. ಕೌಂಟರಿನ ಹೆಂಗಸು ತಲೆ ತಗ್ಗಿಸಿ ತನ್ನ ಉಗುರು ನೋಡಿಕೊಂಡಳು. ದಿನಕ್ಕೆ ಎಷ್ಟು ಸಲ ಹಾಗೆ ನೋಡಿಕೊಳ್ಳುತ್ತಿದ್ದಳೋ.

ಹೊರಗೆ ಬಂದ ವೆಂಡೆಲನಿಗೆ ಮೈಯೆಲ್ಲ ಉರಿಯುತ್ತಿತ್ತು. ಏನನ್ನಾದರೂ ಒದೆಯಬೇಕು ಅನ್ನಿಸಿತು. ಕಾರಿನ ಚಕ್ರಕ್ಕೆ ಕಾಲು ಬೀಸಿದವನು ಅರ್ಧಕ್ಕೇ ತಡೆದು, ಕಾಲ್ಬೆರಳು ಮುರಿದರೇನು ಗತಿ ಎಂದು ಮೆಲ್ಲಗೆ ನೆಲಕ್ಕಿಟ್ಟ. ಈ ದೇಶದಲ್ಲಿ ಬಡವನ ಸಿಟ್ಟಿಗೂ ಪಟ್ಟಿಯಲ್ಲಿ ಜಾಗವಿಲ್ಲ.

"ಅಪ್ಪಾ, ಈಗ ಆಮೇಲೆ ಆಯ್ತಾ?"

ಜೂನಿ ಪಕ್ಕದಲ್ಲಿ ನಿಂತಿದ್ದಳು. ಬೆಳಗ್ಗೆಯಿಂದ ಅವಳು ಏನೂ ತಿಂದಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. "ಆಯ್ತು ಕಂದಾ. ಕೇಳು."

ಅವಳು ಟೋಪಿ ತೆಗೆದಳು. ಎಡಗಿವಿ ಕೆಂಡದ ಹಾಗೆ ಕೆಂಪಗೆ ಊದಿತ್ತು, ಕಿವಿಯಿಂದ ಕುತ್ತಿಗೆಯವರೆಗೆ ಸೋರಿದ್ದು ಒಣಗಿ ಗೆರೆ ಕಟ್ಟಿತ್ತು. ಅಪ್ಪನ ಹೊಲಿಗೆ ಹಾಕಿದ ಕೈಯನ್ನೂ ಹಿಂದೆ ಬಾಗಿಲ ಮೇಲಿದ್ದ ಎಮರ್ಜೆನ್ಸಿಯ ಕೆಂಪು ಬೋರ್ಡನ್ನೂ ಒಮ್ಮೆ ನೋಡಿ, ಯಾರಿಗೂ ಕೇಳಿಸಬಾರದು ಎಂಬಂತೆ ಬೆಳಗ್ಗೆಯಿಂದ ಹಿಡಿದಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟಳು:

"ಅಪ್ಪಾ, ಕಿವಿನೋವು ಎಮರ್ಜೆನ್ಸಿನಾ?"